ಕೊನೆಯ ಜಾಯಿಂಟು

ಒಂದಾನೊಂದು ಕಾಲದಲ್ಲಿ, ಅಂದರೆ ಮೊನ್ನೆ ಮೊನ್ನೆಯವರೆಗೆ, ನಾರಾವಿಯ ಆಚೆಗಿನ ಹದಿನೈದು ಮನೆಗಳಿಗೆ ಕೂದಲೆಳೆಯಂಥ ಗಾಜಿನ ತಂತಿಯಲ್ಲಿ ಬೆಳಕನ್ನು ನಡೆಸಿಕೊಂಡು ಬರುತ್ತೇನೆಂದು ಮಾತು ಕೊಟ್ಟ ಧರ್ಣಪ್ಪನೆಂಬವನಿದ್ದ. ಈಗ ಅವನನ್ನು ಚಾವಡಿಯಲ್ಲಿ ಬಾಳೆಲೆಯ ಮೇಲೆ ಮಲಗಿಸಿ, ಅಣ್ಣ ಶೇಷಪ್ಪ ಗೋಡೆಯ ಇಂಟರ್‌ನೆಟ್ ಪೆಟ್ಟಿಗೆಗೆ ಬೈರಾಸು ಮುಚ್ಚುತ್ತಿದ್ದ. ಬಟ್ಟೆಯೊಳಗಿಂದಲೂ ಕೆಂಪು ದೀಪ ಮಿನುಗಿತು.

“ಎರಡು ವರ್ಷದಿಂದ ಇದೇ ಕೆಂಪು. ಹೆಣದ ತಲೆಯ ಮೇಲೂ ಬೇಕಾ? ಸ್ವಿಚ್ ತೆಗೆಯುವ.”

“ಬೇಡ ಭಾವ, ಇರಲಿ,” ಎಂದಳು ಧರ್ಣಪ್ಪನ ಹೆಂಡತಿ ಪ್ರೇಮಾವತಿ. “ನೋಣಯ್ಯ ಬರಲಿ.”

“ಅವ ಬರುವುದಿಲ್ಲ. ಇಪ್ಪತ್ತು ವರ್ಷ ಒಟ್ಟಿಗೆ ಕೆಲಸ ಮಾಡಿದವನಂತೆ. ಬೆಳಿಗ್ಗೆ ಬಂದ, ಮುಖ ನೋಡಿದ, ತಂತಿಗೆ ಜಾಯಿಂಟು ಹಾಕುವ ಮೆಷಿನ್ ಹೊತ್ತುಕೊಂಡು ಹೋದ. ಬಾಯಿಗೆ ನೀರು ಸಹ ಬಿಡಲಿಲ್ಲ.”

“ಮೆಷಿನ್ ಮೇಲೆ ಕಣ್ಣು ಅವನಿಗೆ,” ಅಂಗಳದಲ್ಲಿ ಯಾರೋ ಗೊಣಗಿದರು.

“‘ಬರುವ ವಾರ, ಬರುವ ವಾರ’ ಅಂತ ಹೇಳಿಯೇ ಹೋದ ಧರ್ಣಪ್ಪ,” ಎಂದಳು ನೆರೆಮನೆಯ ಪೂವಮ್ಮ. “ರೇಷನಿಗೆ ಹೆಬ್ಬೆಟ್ಟು ಒತ್ತಲಿಕ್ಕೆ ಸಿಗ್ನಲ್ ಹುಡುಕಿ ಗುಡ್ಡೆ ಹತ್ತಬೇಕು. ಇವನ ಸಾವು ತಿಳಿಸಲಿಕ್ಕೂ ಗುಡ್ಡೆಯೇ.”

*

ಎರಡು ವರ್ಷದ ಹಿಂದೆ, ಧರ್ಣಪ್ಪ ಕೆಲಸಕ್ಕಿದ್ದ ಮೂಡುಬಿದಿರೆಯ ಟೆಲಿಫೋನ್ ಆಫೀಸಿನವರು ಈ ಲೈನಿನ ಕಡತ ಮುಚ್ಚಿದ್ದರು. ದೂರ ಹೆಚ್ಚಾಯಿತು, ಪೇಟೆಯ ಜಾಲದ ಬೆಳಕು ಅಲ್ಲಿಗೆ ತಲುಪುವುದಿಲ್ಲ ಎಂದು. ಧರ್ಣಪ್ಪ ಮನೆಗೆ ಬಂದು ಊಟದ ಬಟ್ಟಲು ದೂಡಿದ.

“ದೂರದ್ದಲ್ಲ ಮಾರಾಯ್ತಿ, ತಪ್ಪು ಜಾಯಿಂಟಿನದ್ದು. ಸರಿ ಕೂರದ ಜಾಯಿಂಟು ಒಂದೊಂದೂ ಚೂರು ಚೂರು ಬೆಳಕು ತಿನ್ತದೆ. ಎಲ್ಲ ಬಿಡಿಸಿ ಹೊಸತಾಗಿ ಹಾಕಿದರೆ ಬಂದೇ ಬರ್ತದೆ.”

“ಎಷ್ಟು ಉಂಟು?”

“ಮೂವತ್ತೊಂದು.”

“ಆಫೀಸಿನವರು ಬಿಡ್ತಾರಾ?”

“ಆದಿತ್ಯವಾರ ಅವರಿಗೆ ರಜೆ ಅಲ್ವಾ?”

ಹಾಗೆ ಆದಿತ್ಯವಾರಗಳು ಹೋದವು. ಪ್ರೇಮಾವತಿ ಕೊಡೆ ಹಿಡಿಯುತ್ತಿದ್ದಳು. ನೋಣಯ್ಯ ಬೈಯುತ್ತಲೇ ತಂತಿಯ ಸಿಪ್ಪೆ ಸುಲಿಯುತ್ತಿದ್ದ. ಮೂವತ್ತು ಮುಗಿದಿದ್ದವು. ಮೋರಿಯ ಬಳಿಯದ್ದೊಂದು ಬಾಕಿ ಇರುವಾಗ, ನಿನ್ನೆ ಸಂಜೆ, ಎದೆ ಹಿಡಿದು ಕೂತ ಧರ್ಣಪ್ಪ ಏಳಲಿಲ್ಲ.

*

“ಸಾಕು ಕಾದದ್ದು. ಬಿಸಿಲು ಇಳಿಯಿತು, ಎತ್ತುವ,” ಎಂದ ಶೇಷಪ್ಪ. ನಾಲ್ವರು ಬಗ್ಗಿದರು.

“ಇವತ್ತು ಆದಿತ್ಯವಾರ, ಭಾವ.”

“ಅದಕ್ಕೀಗ ಏನು?”

ಪ್ರೇಮಾವತಿಯ ಕಣ್ಣು ಗೋಡೆಯ ಮೇಲಿತ್ತು. ಬೈರಾಸಿನಡಿಯ ಮಿನುಗು ನಿಂತಿತ್ತು. ಅದೂ ಕೆಟ್ಟಿತೆಂದುಕೊಂಡು ಶೇಷಪ್ಪ ಬಟ್ಟೆ ಎಳೆದ. ಕೆಂಪು ಇರಲಿಲ್ಲ. ಪಕ್ಕದಲ್ಲಿ ಹಸಿರು ದೀಪ ಮಿನುಗಿತು, ತಡೆಯಿತು, ಮತ್ತೆ ಮಿನುಗಿತು. ಆಮೇಲೆ ಅಲುಗದೆ ಉರಿಯಿತು.

ಬಗ್ಗಿದವರು ಬಗ್ಗಿದಲ್ಲೇ ನಿಂತರು.

ಪ್ರೇಮಾವತಿ ತುಳಸಿಯ ಕುಡಿಯನ್ನು ತಂಬಿಗೆಯಲ್ಲಿ ಅದ್ದಿದಳು. “ಇದು ನೋಣಯ್ಯನದ್ದು,” ಎಂದು ಗಂಡನ ತುಟಿಗೆ ಒಂದು ತೊಟ್ಟು ಬಿಟ್ಟಳು. ನಿಂತ ಆ ಹನಿಯೊಳಗೆ ಹಸಿರು ಚುಕ್ಕೆಯೊಂದು ಕೂತಿತ್ತು.