ಸಬ್ರಿಯಾಳ ಗುಟ್ಟಿನ ಸಂಖ್ಯೆ

“ನಿನ್ನ ಕೈಲಿ ಕೆಲಸ ಮಾಡಿಸೋಕೆ ಕರೆಸಿದ್ದಲ್ಲ. ಗಾಜಿನ ಮೇಲೆ ಬೆರಳಿಡು, ನಗು, ಮುಗೀತು. ಅಷ್ಟೂ ಗೊತ್ತಾಗಲ್ವಾ?”

ಪಡಿತರ ಅಧಿಕಾರಿ ರಿಫ್‌ಅತ್ ಸಾಹೇಬರು ಸಬ್ರಿಯಾಳ ಮಣಿಕಟ್ಟು ಹಿಡಿದು ಬೆರಳನ್ನು ತಾವೇ ಪಡಿತರ ಕಾರ್ಡಿನ ಹೊಸ ಯಂತ್ರದ ಗಾಜಿಗೆ ಒತ್ತಿದರು. ಪಡಿತರ ಕಚೇರಿಯ ಅಂಗಳದಲ್ಲಿ ಪತ್ರಿಕೆಯವರು ಫೋಟೋ ತೆಗೆದದ್ದಾಯಿತು. ಹುಟ್ಟುಗುರುಡಿ ಸಬ್ರಿಯಾ ದಮನ್‌ಹೂರಿನ ಸಂತೆಬೀದಿಯಲ್ಲಿ ನಲವತ್ತು ವರ್ಷದಿಂದ ಬೆತ್ತದ ಕುರ್ಚಿ ಹೆಣೆಯುವವಳು. ಬೆತ್ತದ ಎಳೆ ಕೂದಲಿನಷ್ಟು ಜರುಗಿದರೂ ಅವಳ ಬೆರಳಿಗೆ ತಿಳಿಯುತ್ತದೆ. ಈ ಗಾಜಿನಲ್ಲಿ ತಿಳಿಯುವುದಕ್ಕೆ ಏನೂ ಇರಲಿಲ್ಲ.

ರೊಟ್ಟಿ ಅಂಗಡಿಯ ಹಳೇ ಯಂತ್ರಕ್ಕೆ ಗುಂಡಿಗಳಿದ್ದವು, ಐದನೇ ಅಂಕಿಯ ಮೇಲೊಂದು ಚುಕ್ಕೆ ಉಬ್ಬಿತ್ತು. ಅದನ್ನು ತಡವಿ ತನ್ನ ಗುಟ್ಟಿನ ಸಂಖ್ಯೆಯನ್ನು ತಾನೇ ಒತ್ತಿ ಸರ್ಕಾರದ ರೊಟ್ಟಿ ತರುತ್ತಿದ್ದಳು. ಪರೀಕ್ಷೆಗೆಂದು ಅಲ್ಲಿಗೂ ಈ ಗಾಜಿನ ಯಂತ್ರವನ್ನು ತಂದಿಟ್ಟ ಮೇಲೆ ಸಂಖ್ಯೆಯನ್ನು ಬಾಯಿಬಿಟ್ಟು ಹೇಳಬೇಕು, ಇನ್ಯಾರೋ ಒತ್ತಬೇಕು. ಹೋದ ವಾರ ಎರಡು ದಿನ ಅವಳ ಪಾಲಿನ ರೊಟ್ಟಿಯನ್ನು ಸಂಖ್ಯೆ ಕೇಳಿಸಿಕೊಂಡ ಯಾವನೋ ಮೊದಲೇ ಒಯ್ದಿದ್ದ. ಗುಂಡಿ ಇಡಿ ಎಂದು ಕೇಳಿಕೊಂಡಾಗ, ಯಂತ್ರ ರೂಪಿಸಿದ ಇಂಜಿನಿಯರ್ ಹಾತಿಮ್, ಅದರ ಅಂದ ಕೆಡುತ್ತದೆ ಎಂದಿದ್ದ.

ಸಾಹೇಬರು ಕಾಗದವೊಂದನ್ನು ಮುಂದೆ ಹಿಡಿದು ಹೆಬ್ಬೆಟ್ಟು ಕೇಳಿದರು. ಏನಿದು ಎಂದರೆ ಇವತ್ತಿನ ಊಟಕ್ಕೆ ಬಂದವರ ಪಟ್ಟಿ ಎಂದರು. ಸಬ್ರಿಯಾ ಮುಖ ತಿರುಗಿಸಿ ಪಕ್ಕದಲ್ಲಿದ್ದ ಹಾತಿಮನಿಗೆ ಓದು ಅಂದಳು. ಅವನು ಓದಿದ. ಕುರುಡರು ಪರೀಕ್ಷೆ ಮಾಡಿದ್ದಾರೆ, ಯಾವ ತೊಂದರೆಯೂ ಇಲ್ಲ, ಊರಿನ ಎಲ್ಲ ಅಂಗಡಿಗೂ ಇದನ್ನೇ ಹಾಕಬಹುದು ಎಂದು ಅದರಲ್ಲಿತ್ತು.

ಅವಳು ಕಾಗದವನ್ನು ಪಕ್ಕಕ್ಕೆ ತಳ್ಳಿದಳು. ಸಾಹೇಬರು ತಟ್ಟನೆ ದನಿ ಬದಲಿಸಿದರು. ಕುರುಡರೆಲ್ಲ ಕುರಾನು ಬಾಯಿಪಾಠ ಮಾಡಿದವರೆಂದು ನಂಬಿ ಶೇಖಾ ಎಂದು ಕರೆಯುವ ಊರು ಅದು.

“ಶೇಖಾ, ನಿಮ್ಮಂಥವರ ಬಾಯಲ್ಲಿ ಬರಕತ್ ಇದೆ, ದೇವರ ಕೃಪೆ ಇದೆ. ಕುರಾನಿನ ಎರಡು ಸಾಲು ಹೇಳಿ, ಹೆಬ್ಬೆಟ್ಟು ಒತ್ತಿಬಿಡಿ.”

“ನಾನ್ಯಾವ ಶೇಖಾನೂ ಅಲ್ಲ, ಕುರ್ಚಿ ಹೆಣೆಯೋಳು. ಓದೋರು ಬೇಕಿದ್ರೆ ಮಸೀದಿಗೋಗು.” ಅವಳು ಎದೆಯೊಳಗಿಂದ ಕಾರ್ಡು ತೆಗೆದು ಅವರ ಕೈಗೆ ತುರುಕಿದಳು. “ಕಣ್ಮುಚ್ಕೊಂಡು ನನ್ ರೊಟ್ಟಿ ಚೀಟಿ ತೆಗೆದ್ಕೊಡು. ನಾಕು, ಏಳು, ಒಂದು, ಒಂಬತ್ತು. ಗುಟ್ಟೇನಿಲ್ಲ, ಬೀದಿಗೆಲ್ಲ ಗೊತ್ತೈತೆ.”

ನೆರೆದವರಲ್ಲಿ ಯಾರೋ ಕಿಸಕ್ಕೆಂದರು. ಪತ್ರಿಕೆಯವರ ಎದುರು ಹಿಂದೆ ಸರಿಯುವುದು ಸಾಹೇಬರಿಗೆ ಆಗಲಿಲ್ಲ. ಸಬ್ರಿಯಾ ಅವರ ಹಿಂದೆ ನಿಂತು ತನ್ನ ಒರಟು ಅಂಗೈಗಳಿಂದ ಕಣ್ಣು ಮುಚ್ಚಿದಳು. ಮೂರು ಸಲ ತಪ್ಪಿದರೆ ಕಾರ್ಡು ಸತ್ತುಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಆದರೂ ಕೈ ತೆಗೆಯಲಿಲ್ಲ.

ಸಾಹೇಬರು ತಡಕಾಡಿ ಒತ್ತಿದರು, ಯಂತ್ರ ಒಂದು ಸಲ ಕಿರ್ರೆಂದಿತು. ಎರಡನೇ ಸಲವೂ ಕಿರ್ರೆಂದಿತು. ಮೂರನೆಯದಕ್ಕೆ ಹಾತಿಮ್ ಮೆಲ್ಲಗೆ, ಕಾರ್ಡು ಹೋಯಿತು, ಹೊಸದು ಬರಲು ಎರಡು ತಿಂಗಳು ಬೇಕು ಎಂದ.

ಸಾಹೇಬರು ಅವಳ ಕೈ ಕೊಡವಿ ಹಾಕಿದರು. “ಹಾಳು ಮುಂಡೆ, ನಿನ್ನ ರೊಟ್ಟಿ ನೀನೇ ಕಳ್ಕೊಂಡೆ.”

“ತಪ್ಪೊತ್ತಿದ್ದು ನಿನ್ ಬೆರಳು ಕಣೋ ಬಡ್ಡೀಮಗನೆ. ಅದ್ನೇ ಬರಿ ಆ ಕಾಗ್ದದ ಮ್ಯಾಗೆ. ಅವಾಗ ಒತ್ತೀನಿ ಹೆಬ್ಬೆಟ್ಟು.”

ಅವಳು ಯಂತ್ರಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕಾಲು ಚಾಚಿ ಕುಳಿತಳು. ಅವಳು ಹೇಳಿದ್ದನ್ನು ಬರೆಯಲು ಹಾತಿಮ್ ಜೇಬಿನಿಂದ ಪೆನ್ನು ತೆಗೆದ. ಸಾಹೇಬರು ಅದನ್ನು ಕಿತ್ತುಕೊಂಡು ಪೊಲೀಸರನ್ನು ಕರೆಯಿರಿ ಎಂದು ಕೂಗಿದರು. ಸಬ್ರಿಯಾ ಏಳಲಿಲ್ಲ.