ನಾಲ್ಕು ಸ್ಕ್ರೂ

"ಹಂದಿ ಥರ ಅದೇನೇ ಕೆರೀತಿದೀಯ ಮುಂಡೆ? ಮೇಲೆ ಕಾಣೋದಷ್ಟು ಒರೆಸು, ಸಾಕು!"

ಧಣಿ ದೋಣಿಯ ಅಂಚಿಗೆ ನಿಂತು ಬೈಯುತ್ತಿದ್ದ. ಅವಳು ತಲೆ ಎತ್ತಲಿಲ್ಲ. ಬೆಳಿಗ್ಗೆಯಿಂದ ದೋಣಿಯ ಹೊಟ್ಟೆಯೊಳಗೆ ಕುಕ್ಕರುಗಾಲಲ್ಲಿ ಕೂತು, ನೆಲದ ಕೊಳೆತ ಪ್ಲೈವುಡ್ಡನ್ನು ಕಿತ್ತು ಬುಟ್ಟಿಗೆ ತುಂಬಿದ್ದಳು. ನೆನೆದ ರಟ್ಟಿನಂತೆ ಪದರಪದರವಾಗಿ ಕೈಗೆ ಬರುತ್ತಿತ್ತು. ಅದು ಹೋಗಲಿ, ಹೊಸದು ಹಾಕಬಹುದು. ಅವಳು ಕೆಲಸ ನಿಲ್ಲಿಸಿದ್ದು ಅದನ್ನು ಹೊರುವ ಅಡ್ಡಪಟ್ಟಿಗಳನ್ನು ಕಂಡಾಗ. ದೋಣಿಯ ಎರಡು ಮಗ್ಗುಲನ್ನೂ ಹಿಡಿದು ನಿಲ್ಲಿಸುವ ಮರಗಳವು. ಉಳಿ ಒತ್ತಿದರೆ ಹಿಡಿಯವರೆಗೂ ಇಳಿಯಿತು.

"ಅಣ್ಣಾ, ಇಲ್ಲಿ ಮರಾನೇ ಇಲ್ಲ. ಬರೀ ಗೊಬ್ಬರ."

ಹೊಸ ಹಲಗೆ ಹಾಕಲು ಬಂದಿದ್ದ ಬಡಗಿ ಅವಳ ಒಡಹುಟ್ಟಿದವನೇ, ಅವಳು ಅವನ ಕೈಯಾಳು. ಬಗ್ಗಿ ನೋಡಿದ. "ಧಣೀ, ಮೂರು ಪಟ್ಟಿ ಬದಲಾಯಿಸ್ಲೇಬೇಕು. ಎಂಟು ದಿನ ಕೊಡಿ."

"ನಾಳೆ ದೋಣಿ ನೀರಿಗಿಳೀಬೇಕು ಕಣೋ ಬೋಳಿಮಗನೆ! ನಿಂಗೆ ಹೇಳಿದ್ದು ಹಲಗೆ ಹಾಕೋಕೆ, ಪುರಾಣ ಹೇಳೋಕಲ್ಲ."

ಆ ದೋಣಿಯಲ್ಲಿ ಬಲೆ ಎಳೆಯುವ ಐವರಲ್ಲಿ ಅವಳ ಗಂಡನೂ ಒಬ್ಬ. ಧಣಿ ಅವಳತ್ತ ತಿರುಗಿ ಹಲ್ಲು ಕಿರಿದ. "ನಿನ್ನ ಗಂಡನಿಗೆ ಭಯ ಆದ್ರೆ ಮನೇಲಿರ್ಲಿ. ಬರೋಕೆ ದಡದ ತುಂಬ ಜನ ಬಿದ್ದಿದಾರೆ."

ಹೋದರೆ ನೀರು, ಹೋಗದಿದ್ದರೆ ಉಪವಾಸ. ಅತ್ತ ದರಿ, ಇತ್ತ ಪುಲಿ.

ಅಷ್ಟರಲ್ಲಿ ಜೀಪು ಬಂದು ನಿಂತ ಸದ್ದಾಯಿತು. ದೋಣಿ ಪರೀಕ್ಷಿಸಿ ಸರ್ಟಿಫಿಕೇಟು ಕೊಡುವ ಸಾಹೇಬ ಸಂಜೆಗೆ ಬರಬೇಕಾದವನು ಮಧ್ಯಾಹ್ನಕ್ಕೇ ವಕ್ಕರಿಸಿದ್ದ. ಧಣಿಯ ಮುಖ ಹುಳ್ಳಗಾಯಿತು.

"ಹಲಗೆ ಮುಚ್ಚೋ! ಬೇಗ!"

"ತಂಗಿ ಒಳಗಿದಾಳೆ ಧಣೀ..."

"ಆಚೆ ಬರೋಕೆ ಹೊತ್ತಿಲ್ಲ, ಇರ್ಲಿ, ಹತ್ತು ನಿಮಿಷಕ್ಕೆ ಸತ್ತೋಗ್ತಾಳಾ? ಏಯ್, ಮಲಕ್ಕೊಳ್ಳೇ! ಪಿಟಕ್ ಅಂದ್ರೆ ನಿನ್ನ ಗಂಡನಿಗೆ ಈ ದಡದಲ್ಲಿ ಯಾರೂ ಕೆಲ್ಸ ಕೊಡಲ್ಲ, ನೋಡ್ಕೊ."

ಎರಡು ಪಟ್ಟಿಗಳ ನಡುವೆ ಅವಳು ಮುದುಡಿಕೊಂಡಳು. ಮೇಲೆ ಹೊಸ ಹಲಗೆ ಬಂತು, ಬೆಳಕು ಹೋಯಿತು. ಡೀಸೆಲ್ಲು ಬೆರೆತ ಮೀನಿನ ನೀರು ಕಿವಿಯೊಳಗೆ ಇಳಿಯಿತು. ತಲೆಯ ಕಡೆ ಡ್ರಿಲ್ಲು ಕೊರೆಯಿತು. ಒಂದು. ಮರದ ಪುಡಿ ಕಣ್ಣಿಗೆ ಉದುರಿತು. ಎರಡು. ಒಡಹುಟ್ಟಿದವನೇ ತನ್ನನ್ನು ಒಳಗಿಟ್ಟು ಬಿಗಿಯುತ್ತಿದ್ದಾನಲ್ಲ ಎಂದು ಅವಳಿಗೆ ಅಳು ಉಕ್ಕಿತು. ಒಂದು ಹಲಗೆಗೆ ಆರು ಸ್ಕ್ರೂ. ಹತ್ತು ವರ್ಷದಿಂದ ಅವನ ಕೈಗೆ ಎಣಿಸಿ ಕೊಡುತ್ತಿದ್ದವಳು ಅವಳೇ. ಮೂರನೆಯದಕ್ಕೆ ಕಾದಳು. ಬರಲಿಲ್ಲ.

ಕಾಲಿನ ಕಡೆ ಅಣ್ಣ ಬೇಕೆಂದೇ ಬಿಗಿದಿರಲಿಲ್ಲ. ಒಂದು ದಿನವೂ ಸ್ಕ್ರೂ ಮುಟ್ಟದ ಧಣಿಗೆ ಲೆಕ್ಕ ಎಲ್ಲಿಂದ ಗೊತ್ತಾಗಬೇಕು?

ಬೂಟುಗಳು ಹಲಗೆ ಹತ್ತಿದವು, ಅವಳ ಎದೆಯ ನೇರಕ್ಕೆ ನಿಂತವು. ಹಲಗೆ ಬಾಗಿ ಮೂಗಿಗೆ ತಾಗಿತು.

"ನೆಲ ಏನೋ ಹೊಸದು. ಕೆಳಗಡೆ?"

"ಕಬ್ಬಿಣ ಸಾರ್, ಕಬ್ಬಿಣ! ಆಳುಗಳನ್ನ ನಾನು ಮಕ್ಕಳ ಥರ ನೋಡ್ಕೊತೀನಿ."

"ಸರಿ, ಕಾಗದ ಕೊಡಿ, ಸೈನ್ ಹಾಕ್ತೀನಿ."

ಬೂಟುಗಳು ದೂರ ಸರಿದವು. ಅವಳು ಪಕ್ಕದ ಪಟ್ಟಿಯಿಂದ ಒಂದು ಹಿಡಿ ಕಿತ್ತಳು. ಕಾಲು ಕೊಟ್ಟು ನೂಕಿದಳು. ಹಲಗೆ ಕಿರ್ರೆಂದು ಕಮಾನಿನಂತೆ ಮೇಲೆದ್ದಿತು.

ತಲೆತುಂಬ ಪುಡಿ ಮೆತ್ತಿಕೊಂಡು ಎದ್ದುಬಂದವಳನ್ನು ಕಂಡು ಸಾಹೇಬ "ಅಯ್ಯೋ!" ಎಂದು ಹಿಂದೆ ಹಾರಿದ. ಅವನ ಕೈಯಲ್ಲಿದ್ದ ಕಾಗದದ ಮೇಲೆ ಅವಳು ಮುಷ್ಟಿ ಬಿಚ್ಚಿದಳು. ಕರಿಯ ಪುಡಿ, ಅದರಲ್ಲಿ ಎರಡು ಬಿಳಿ ಹುಳ.

"ಕಬ್ಬಿಣ ನೋಡಿ ಸಾಹೇಬ್ರೇ."

"ಹುಚ್ಚಿ ಸಾರ್, ತಲೆ ಕೆಟ್ಟಿದೆ," ಧಣಿ ನಗಲು ಹೋದ, ಆಗಲಿಲ್ಲ. "ಆಚೆ ಬಾರೇ ಸೂಳೆ! ಏಯ್ ಬಡಗಿ, ಅವಳನ್ನ ಎಳೆದುಹಾಕಿ ಹಲಗೆ ಬಡಿಯೋ!"

ಸಾಹೇಬ ಕಾಗದ ಕೊಡವಿದ. ಕಲೆ ಹೋಗಲಿಲ್ಲ. ಹೊತ್ತಾಗುತ್ತಿದೆ ಎಂಬಂತೆ ಧಣಿಯ ಮುಖ ನೋಡಿದ.

ಇವನು ಹೇಗೂ ಸೈನ್ ಹಾಕುವವನೇ ಎಂದು ಅವಳಿಗೆ ಅರ್ಥವಾಯಿತು. ಮತ್ತೆ ಆ ಗುಂಡಿಗೇ ಇಳಿದು, ಮೊದಲಿನಂತೆಯೇ ಮುದುಡಿ ಮಲಗಿದಳು.

"ಮುಚ್ಚಣ್ಣ. ಈ ಸಲ ಆರೂ ಹಾಕು. ನಾಳೆ ಐದಲ್ಲ, ಆರು ಜನ ಹೋಗ್ತೀವಿ."

ಅಣ್ಣನ ಮುಷ್ಟಿಯಲ್ಲಿ ನಾಲ್ಕು ಸ್ಕ್ರೂ ಇದ್ದವು. ಅವನು ಅವುಗಳನ್ನು ಧಣಿಯ ಕೈಗೆ ಹಾಕಿ, ಡ್ರಿಲ್ಲನ್ನೂ ಮುಂದೆ ಹಿಡಿದ.

"ನೀವೇ ಹಾಕಿ ಧಣೀ."

ಸಾಹೇಬನ ಪೆನ್ನಿನ ಮುಚ್ಚಳ ಇನ್ನೂ ತೆರೆದೇ ಇತ್ತು; ಸೈನ್ ಮಾತ್ರ ಬಿದ್ದಿರಲಿಲ್ಲ.