ತೊಲೆಯ ತುದಿ

ನಂಜುಂಡಸ್ವಾಮಿಯವರ ಟೈಲರ್ ಅಂಗಡಿ ಇದ್ದದ್ದು ಮೈಸೂರಿನ ಅಗ್ರಹಾರದ ಒಂದು ಹಳೇ ಮನೆಯಲ್ಲಿ. ಮನೆ ಅವರದೇ. ಕೆಳಗೆ ಅಂಗಡಿ, ಮೇಲೆ ಮರದ ತೊಲೆಗಳ ಮೇಲೆ ನಿಂತ ಮಹಡಿ. ಆ ಮಹಡಿಯನ್ನು ಬಾಡಿಗೆಗೆ ಹಿಡಿದು ಸುಚಿತ್ರಾ ಎಂಬವರು ಒಂಬತ್ತು ವರ್ಷದಿಂದ ಭರತನಾಟ್ಯ ಹೇಳಿಕೊಡುತ್ತಿದ್ದರು. ಸಂಜೆ ಐದಾಯಿತೆಂದರೆ ಇಪ್ಪತ್ತೆರಡು ಹೆಣ್ಣುಮಕ್ಕಳ ಹೆಜ್ಜೆಯ ಸದ್ದಿನ ಕೆಳಗೆ ಕೂತು ನಂಜುಂಡಸ್ವಾಮಿ ಕಾಜಾ ಹೊಲಿಯುತ್ತಿದ್ದರು.

ಜನವರಿಯ ಒಂದು ಬೆಳಿಗ್ಗೆ, ಮದುವೆ ಗಂಡಿನ ಕೋಟಿಗೆಂದು ಹರಡಿಟ್ಟಿದ್ದ ಕೆನೆಬಣ್ಣದ ಬಟ್ಟೆಯ ಮೇಲೆ ಕಂದು ಪುಡಿ ಬಿದ್ದಿತ್ತು. ಸ್ಟೂಲು ಹತ್ತಿ ನೋಡಿದರೆ ಪಡುವಣ ಗೋಡೆಗೆ ಸೇರುವಲ್ಲಿ ಒಂದು ತೊಲೆ ಬೆರಳಿನಷ್ಟು ಕುಸಿದಿದೆ! ಕರೆಸಿದ ಮೇಸ್ತ್ರಿ ಕೆಳಗಿಂದಲೇ ಕತ್ತೆತ್ತಿ ನೋಡಿ ತೀರ್ಪು ಕೊಟ್ಟುಬಿಟ್ಟ.

"ಮೇಲೆ ದಿನಾ ಅಂಗೆ ಕುಣಿದ್ರೆ ಯಾವ ಮರ ತಡೆಯುತ್ತೆ ಸ್ವಾಮಿ? ಎಲ್ಲಾ ಕಿತ್ತಾಕಿ ಆರ್‌ಸಿಸಿ ಹಾಕ್ಸಿಬುಡಿ."

ಆ ಸಂಜೆ ನಂಜುಂಡಸ್ವಾಮಿ ಮೆಟ್ಟಿಲ ಬುಡದಲ್ಲೇ ಸುಚಿತ್ರಾರನ್ನು ನಿಲ್ಲಿಸಿದರು. "ನೋಡಿ ಸುಚಿತ್ರಮ್ಮ, ನಿಮ್ಮ ಮೇಲೆ ನಂಗೇನೂ ಕೋಪ ಇಲ್ಲ. ಆದ್ರೆ ಕ್ಲಾಸು ಬೇರೆ ಕಡೆ ಮಾಡ್ಕೊಳ್ಳಿ. ಮನೆ ಉಳೀಬೇಕಲ್ಲ."

ಸುಚಿತ್ರಾ ಮಕ್ಕಳನ್ನು ಅಂದು ಹಾಗೇ ಮನೆಗೆ ಕಳಿಸಿದರು. "ಒಂದೇ ಒಂದು ಸಲ ಮರ ಗೊತ್ತಿರೋರ ಹತ್ರ ತೋರಿಸೋಣ ಅಂಕಲ್. ಅವರೂ ನಮ್ಮದೇ ತಪ್ಪು ಅಂದ್ರೆ ಒಂದು ಮಾತೂ ಆಡದೆ ಖಾಲಿ ಮಾಡ್ತೀನಿ" ಎಂದರು.

ಮಾರನೆಯ ಬೆಳಿಗ್ಗೆ ಕುವೆಂಪುನಗರದಿಂದ ಸ್ಕೂಟರಿನಲ್ಲಿ ಬಂದವಳು ದಿವ್ಯ. ಬಡಗಿ ದೇವಯ್ಯನವರ ಮಗಳು. ಸಿವಿಲ್ ಓದಿ, ಅಪ್ಪನ ಜೊತೆ ಹಳೇ ಕಟ್ಟಡಗಳ ಮರ ರಿಪೇರಿ ಮಾಡುತ್ತಿದ್ದಳು. ಬಂದವಳೇ ಕುಸಿದ ತೊಲೆಗೆ ಕಬ್ಬಿಣದ ಕಂಬ ಆನಿಸಿದಳು. ಆಮೇಲೆ ಚಿಕ್ಕ ಸುತ್ತಿಗೆ ಹಿಡಿದು ಏಣಿ ಹತ್ತಿದಳು. ತೊಲೆಯ ನಡುವೆ ಬಡಿದಾಗ ಟಣ್ ಟಣ್ ಎಂದಿತು. ಗೋಡೆಯ ಕಡೆ ಸರಿಯುತ್ತಾ ಹೋದಂತೆ ಸದ್ದು ಮಂಕಾಗಿ, ತುದಿಯಲ್ಲಿ ಬರೀ ಡಬ್ ಎಂದಿತು. ಅಲ್ಲಿ ಸ್ಕ್ರೂಡ್ರೈವರ್ ಚುಚ್ಚಿದರೆ ಹಿಡಿಯವರೆಗೂ ಇಳಿಯಿತು.

"ಗೆದ್ದಲಾ?" ನಂಜುಂಡಸ್ವಾಮಿ ಕೇಳಿದರು.

"ಅಲ್ಲ ಅಂಕಲ್. ಗೆದ್ದಲಾದ್ರೆ ಮಣ್ಣಿನ ಗೆರೆ ಇರಬೇಕಿತ್ತು. ಕೈ ಕೊಡಿ." ಅವರ ಅಂಗೈಗೆ ಒಂದು ಚೂರು ಹಾಕಿದಳು. ಸಣ್ಣ ಚೌಕಗಳಾಗಿ ಬಿರಿದ ಕಂದು ಮರ. ಬೆರಳಲ್ಲಿ ಒತ್ತಿದರೆ ಪುಡಿಪುಡಿ. "ಇದು ಬೂಷ್ಟು ಹಿಡಿದು ಕೊಳೆತಿರೋದು. ನೀರಿಲ್ಲದೆ ಮರ ಹಿಂಗಾಗಲ್ಲ."

ತೇವ ಅಳೆಯುವ ಪುಟ್ಟ ಯಂತ್ರದ ಮುಳ್ಳುಗಳನ್ನು ತೊಲೆಯ ನಡುವೆ ಒತ್ತಿದಾಗ ಶೇಕಡಾ ಹನ್ನೆರಡು ತೋರಿಸಿತು, ತುದಿಯಲ್ಲಿ ಮೂವತ್ತನಾಲ್ಕು.

"ಮಕ್ಕಳು ಕುಣಿಯೋದು ಕೋಣೆ ನಡುವೆ. ಕುಣಿತದಿಂದ ಆಗಿದ್ರೆ ತೊಲೆ ನಡುವೆ ಬಗ್ಗಬೇಕಿತ್ತು. ಅಲ್ಲಿ ಕಲ್ಲಿನಂಗಿದೆ."

ಸುಚಿತ್ರಾ ಬಾಗಿಲ ಬಳಿ ನಿಂತು ದೀರ್ಘವಾಗಿ ಉಸಿರು ಬಿಟ್ಟರು. ನಂಜುಂಡಸ್ವಾಮಿ ಮಾತ್ರ ಒಪ್ಪಲಿಲ್ಲ. "ಮಳೆ ನಿಂತು ಎರಡು ತಿಂಗಳಾಯ್ತು ಕಣಮ್ಮ. ನೀರು ಎಲ್ಲಿಂದ ಬರುತ್ತೆ?"

ದಿವ್ಯ ಹಿತ್ತಲಿಗೆ ಹೋದಳು. ಪಡುವಣ ಗೋಡೆಗೂ ಪಕ್ಕದ ಮನೆಗೂ ನಡುವೆ ಒಬ್ಬರು ಅಡ್ಡವಾಗಿ ನುಸುಳುವಷ್ಟು ಸಂದಿ. ಅಲ್ಲಿಂದ ಕೂಗಿದಳು: "ಅಂಕಲ್, ಮೋಟಾರ್ ಹಾಕಿ!"

ಸ್ವಿಚ್ಚು ಹೊಲಿಗೆ ಯಂತ್ರದ ಪಕ್ಕದಲ್ಲೇ ಇತ್ತು. ದಿನಾ ಬೆಳಿಗ್ಗೆ ಅದನ್ನು ಹಾಕಿ, ಹೊಲಿಗೆಯಲ್ಲಿ ಮುಳುಗಿ, ನೆನಪಾದಾಗ ಆರಿಸುವುದು ನಂಜುಂಡಸ್ವಾಮಿಯವರ ಅಭ್ಯಾಸ. ಅಂದು ಸ್ವಿಚ್ಚು ಹಾಕಿ ಅವರೂ ಹೊಟ್ಟೆ ಎಳೆದುಕೊಂಡು ಸಂದಿಗೆ ನುಗ್ಗಿದರು. ಇಪ್ಪತ್ತು ನಿಮಿಷಕ್ಕೆ ಛಾವಣಿಯ ಮೇಲಿನ ಟ್ಯಾಂಕು ತುಂಬಿತು. ಹೆಚ್ಚಾದ ನೀರು ಹೊರಹೋಗುವ ಪೈಪು ಅರ್ಧಕ್ಕೇ ಮುರಿದಿತ್ತು. ನೀರು ಗೋಡೆಯ ಮೇಲೆ ಜಾರಿ, ತೊಲೆಯ ತುದಿ ಇರುವ ಜಾಗದ ಬಿರುಕಿನೊಳಗೆ ಸದ್ದಿಲ್ಲದೆ ಇಳಿಯಿತು.

"ಈ ಸಿಮೆಂಟು ಯಾರು ಮೆತ್ತಿದ್ದು? ಇಲ್ಲಿ ಗಾಳಿ ಕಂಡಿ ಇರಬೇಕಿತ್ತಲ್ಲ?" ದಿವ್ಯ ಕೇಳಿದಳು.

"ಗುಬ್ಬಚ್ಚಿ ನುಗ್ತಾವೆ ಅಂತ ನಾನೇ..." ಎನ್ನುತ್ತಾ ನಂಜುಂಡಸ್ವಾಮಿ ಕತ್ತೆತ್ತಿ ಆ ಬಿರುಕನ್ನು ನೋಡಿದರು. ನೀರು ಅವರ ಹೆಗಲ ಮೇಲೂ ತೊಟ್ಟಿಕ್ಕುತ್ತಿತ್ತು. ಇದ್ದಕ್ಕಿದ್ದಂತೆ ಅವರು ಬಿದ್ದು ಬಿದ್ದು ನಕ್ಕರು. "ನಾನೇ ನೀರು ಕುಡಿಸಿ, ನಾನೇ ಉಸಿರು ಕಟ್ಸಿ, ಪಾಪ ಆ ಮಕ್ಕಳ ಮೇಲೆ ಹಾಕ್ಬುಟ್ಟೆ ನೋಡಿ!"

ಸಂದಿಯಿಂದ ಹೊರಬಂದವರೇ ಸುಚಿತ್ರಾರ ಮುಂದೆ ಕೈಮುಗಿದರು. "ತಪ್ಪಾಯ್ತು ಸುಚಿತ್ರಮ್ಮ." ಸುಚಿತ್ರಾ ಗಾಬರಿಯಾಗಿ, "ಅಯ್ಯೋ, ಬಿಡಿ ಅಂಕಲ್, ಮೊದ್ಲು ತಲೆ ಒರೆಸ್ಕೊಳ್ಳಿ" ಎಂದರು.

ಕೆಲಸ ಹನ್ನೆರಡು ದಿನ ಹಿಡಿಯಿತು. ಮೊದಲು ಪೈಪು ಸರಿಯಾಯಿತು, ಟ್ಯಾಂಕು ತುಂಬಿದೊಡನೆ ಮೋಟಾರು ತಾನೇ ನಿಲ್ಲುವ ಸ್ವಿಚ್ಚು ಬಂತು. ಸಿಮೆಂಟು ಕೆತ್ತಿ ಕಂಡಿಗಳನ್ನು ತೆರೆದು, ಗುಬ್ಬಚ್ಚಿ ನುಗ್ಗದಂತೆ ಜಾಲರಿ ಹಾಕಿದರು. ಗೋಡೆ ಒಣಗಿದ ಮೇಲೆ ದೇವಯ್ಯ ಕೊಳೆತ ಎರಡಡಿಯನ್ನೂ, ಅದರಾಚೆ ಒಂದಡಿ ಗಟ್ಟಿ ಮರವನ್ನೂ ಕೊಯ್ದು ತೆಗೆದರು. ಆ ಜಾಗಕ್ಕೆ ಚೆನ್ನಾಗಿ ಒಣಗಿಸಿ ಹದಮಾಡಿದ ತೇಗದ ತುಂಡನ್ನು ಓರೆಯಾಗಿ ಜೋಡಿಸಿ ಬೋಲ್ಟು ಬಿಗಿದರು. ಬೂಷ್ಟು ಮತ್ತೆ ಹಿಡಿಯದಂತೆ ಔಷಧಿ ಬಳಿದು, ತುದಿಯ ಸುತ್ತ ಗಾಳಿಯಾಡಲು ಬೆರಳಿನಷ್ಟು ಜಾಗ ಬಿಟ್ಟರು.

"ಉಳಿದ ಮರಕ್ಕೆ ಏನೂ ಆಗಿಲ್ಲ ಸ್ವಾಮಿ. ಇದನ್ನ ಕಿತ್ತು ಹಾಕ್ಸಿದ್ರೆ ಇಂಥದ್ದು ಈಗ ಎಲ್ಲಿ ಸಿಗುತ್ತೆ?" ಎಂದರು ದೇವಯ್ಯ, ತೊಲೆಯನ್ನು ಎತ್ತಿನ ಬೆನ್ನು ಸವರಿದಂತೆ ಸವರುತ್ತಾ.

ಕಂಬ ತೆಗೆದ ಸಂಜೆ ಪರೀಕ್ಷೆ. ತೊಲೆಯ ಕೆಳಗೆ ಗೋಡೆಯಿಂದ ಗೋಡೆಗೆ ನಂಜುಂಡಸ್ವಾಮಿ ತಮ್ಮ ಗಟ್ಟಿ ದಾರವನ್ನೇ ಬಿಗಿದು ಕಟ್ಟಿದರು. ದಿವ್ಯ ದಾರಕ್ಕೂ ತೊಲೆಗೂ ನಡುವಿನ ಅಂತರ ಅಳೆದಳು. ಮೇಲೆ ಮೊದಲು ನಾಲ್ವರು, ಆಮೇಲೆ ಹತ್ತು ಮಂದಿ, ಕೊನೆಗೆ ಇಪ್ಪತ್ತೆರಡೂ ಮಕ್ಕಳು ಪಾದ ಬಡಿದು ಕುಣಿಯುವ ತಟ್ಟಡವು ಹಾಕಿದರು. ಅಂತರ ಬದಲಾಗಲಿಲ್ಲ. ದಿವ್ಯ ಹೆಬ್ಬೆರಳೆತ್ತಿ ತೋರಿಸಿದಳು.

ನಂಜುಂಡಸ್ವಾಮಿ ಮಾತ್ರ ಇನ್ನೂ ತಲೆ ಎತ್ತಿಕೊಂಡೇ ನಿಂತಿದ್ದರು. ಆಮೇಲೆ ಕತ್ತರಿ ಕೆಳಗಿಟ್ಟು, ಕ್ಲಾಸು ನಡೆಯುವಾಗ ಅದುವರೆಗೆ ಒಮ್ಮೆಯೂ ಹತ್ತದಿದ್ದ ಮೆಟ್ಟಿಲನ್ನು ಹತ್ತಿದರು. ಅವರನ್ನು ಕಂಡು ಮಕ್ಕಳು ಹೆದರಿ ನಿಂತುಬಿಟ್ಟರು.

"ನಿಲ್ಲಿಸ್ಬೇಡಿ, ಮಾಡಿ ಮಾಡಿ" ಎಂದರು ಅವರು. ಬಾಗಿಲಲ್ಲೇ ನಿಂತು ಕಣ್ಣು ಮುಚ್ಚಿ ಒಂದು ಸುತ್ತು ಕೇಳಿ, ಕಿಟಕಿ ಕಡೆ ಬೆರಳು ತೋರಿಸಿದರು. "ಅಲ್ಲಿ ಯಾರೋ ಒಬ್ಬರು ವೇಗ ಜಾಸ್ತಿ ಆದಾಗ ಎಡಗಾಲು ತಡವಾಗಿ ಇಡ್ತಾರೆ. ಮೂರು ತಿಂಗಳಿಂದ ಕೇಳ್ತಿದ್ದೀನಿ."

ಕಿಟಕಿ ಬಳಿಯ ಸುಷ್ಮಿತಾ ನಾಲಿಗೆ ಕಚ್ಚಿಕೊಂಡಳು. ಸುಚಿತ್ರಾ ನಗು ತಡೆಯಲಾರದೆ ತಾಳ ಹಾಕುವ ತಟ್ಟುಕೋಲು ಎತ್ತಿಕೊಂಡರು. "ಸರಿಯಾಗಿ ಹೇಳಿದ್ರಿ ಅಂಕಲ್. ಕೂತ್ಕೊಳ್ಳಿ, ಇನ್ನೂ ವೇಗದ ಮೂರನೇ ಕಾಲ ಶುರು ಮಾಡ್ತೀವಿ."